ಅತ್ತೆಯವರ ಗಿಡದಲ್ಲಿ ಗಂಡು ಹೂ

ಬೆಳಿಗ್ಗೆ ಏಳು ಗಂಟೆಗೆ, ಇನ್ನೂ ಕಾಫಿ ಕೂಡ ಗಂಟಲಿಗೆ ಇಳಿಯದೆ, ಹಿತ್ತಲಲ್ಲಿ ಭಂಗಿ ಗಿಡದ ಗೆಣ್ಣುಗೆಣ್ಣಿಗೂ ಭೂತಗನ್ನಡಿ ಹಿಡಿದು ನಿಂತ ಸೊಸೆ ಇಡೀ ಜಯನಗರದಲ್ಲಿ ನಾನೊಬ್ಬಳೇ ಇದ್ದಿರಬೇಕು. ದಂಡಿನ ಕಡೆಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದ್ದಕ್ಕೆ ನನಗೆ ಸಿಕ್ಕ ಉದ್ಯೋಗ ಅದು. ಪಿಯಾನೋ ಕಲಿತಿದ್ದೆ, ಎಂಬ್ರಾಯ್ಡರಿ ಕಲಿತಿದ್ದೆ, ಎಲೊಕ್ಯೂಷನ್‌ನಲ್ಲಿ ಪ್ರೈಜ್ ತೊಗೊಂಡಿದ್ದೆ. ಅದ್ಯಾವುದೂ ಈ ಮನೆಗೆ ಬೇಕಾಗಲಿಲ್ಲ. ಬೇಕಾದದ್ದು, ಒಂದು ಗಿಡ ಗಂಡೋ ಹೆಣ್ಣೋ ಎಂದು ಹೇಳುವ ಕಣ್ಣು.

ಐವತ್ತರ ದಶಕದ ಕೊನೆಯ ಮಾತಿದು. ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಈಗಿನವರಿಗೆ ಭಂಗಿ ಎಂದರೆ ತಿಳಿಯುವುದಿಲ್ಲ, ಗಾಂಜಾ ಎಂದರೆ ಕಣ್ಣರಳಿಸುತ್ತಾರೆ. ನಮ್ಮ ಮನೆಯಲ್ಲಿ ಅದು ಔಷಧಿ, ನೆಲನೆಲ್ಲಿಯ ಹಾಗೆ, ಒಂದೆಲಗದ ಹಾಗೆ. ಕಾನೂನು ಆಗ ಏನು ಹೇಳುತ್ತಿತ್ತೋ ನಾನು ಕೇಳಲಿಲ್ಲ. ಕೇಳುವ ಸ್ಥಾನವೂ ನನ್ನದಾಗಿರಲಿಲ್ಲ. ನಮ್ಮ ಕಾಂಪೌಂಡಿನಾಚೆ ಆಗಿನ್ನೂ ರಾಗಿ ಹೊಲಗಳಿದ್ದವು. ಎತ್ತಿಗೆ ಹೊಟ್ಟೆ ಉಬ್ಬರಿಸಿದರೆ ಭಂಗಿ ಸೊಪ್ಪು ಅರೆದು ಕುಡಿಸುವ ಹಳ್ಳಿಗಳು ಕೂಗಳತೆಯಲ್ಲೇ ಇದ್ದವು.

ಔಷಧಿ ಬೇಕಾಗಿದ್ದದ್ದು ನಮ್ಮ ಅತ್ತೆಯವರಿಗೆ. ಅವರ ಎಡಗೆನ್ನೆಯಲ್ಲಿ ಒಂದು ನೋವು ಇತ್ತು. ಹಲ್ಲುನೋವಲ್ಲ, ಆದರೂ ಒಬ್ಬ ಡೆಂಟಿಸ್ಟ್ ಎರಡು ಒಳ್ಳೆಯ ದವಡೆ ಹಲ್ಲು ಕಿತ್ತು ಕಳಿಸಿದ್ದರು. ಸುಮ್ಮನೆ ಕೂತಿದ್ದಾಗ, ಯಾರೋ ಕಾದ ಸೂಜಿ ಎಳೆದ ಹಾಗೆ, ಕಿವಿಯಿಂದ ತುಟಿಯವರೆಗೆ ಹಾಯ್ದು ಹೋಗುತ್ತಿತ್ತಂತೆ. ಮಾತಾಡಿದರೆ ಬರುತ್ತಿತ್ತು, ಅಗಿದರೆ ಬರುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ ಸೋಕಿದರೆ ಬರುತ್ತಿತ್ತು. ಅದಕ್ಕೇ ಅವರು ತಲೆಗೂ ಕೆನ್ನೆಗೂ ಸೇರಿಸಿ ಒಂದು ಹಳೆಯ ಪಂಚೆಯ ತುಂಡು ಬಿಗಿದುಕೊಂಡು, ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನಿದ್ದೆ ಎನ್ನುವುದು ಅವರಿಗೆ ವರ್ಷಗಳ ಹಿಂದೆ ಬಿಟ್ಟುಹೋದ ನೆಂಟರಂತೆ. ಡಾಕ್ಟರ ಮಾತ್ರೆ ವಾಂತಿ ಮಾಡಿಸುತ್ತಿತ್ತು. ಒಗ್ಗಿದ್ದು ಒಂದೇ, ಹಿಂದೊಮ್ಮೆ ಒಳ್ಳೆಯ ಸರಕು ಸಿಕ್ಕಿದ್ದಾಗ ಮಾವನವರು ಭಂಗಿಯ ಹೂತೆನೆ ಹಾಕಿ ಕಾಯಿಸಿದ್ದ ತುಪ್ಪ.

ಮಾವನವರು ಸರ್ಕಾರಿ ಕಚೇರಿಯಿಂದ ರಿಟೈರಾದವರು. ಆಯುರ್ವೇದ ಅವರಿಗೆ ರಿಟೈರ್ಮೆಂಟಿನ ಹವ್ಯಾಸ. ಆದರೆ ಹವ್ಯಾಸ ಎಂದವರನ್ನು ಅವರು ಮತ್ತೆ ಮನೆಗೆ ಕರೆಯುತ್ತಿರಲಿಲ್ಲ. ಅವರ ಗ್ರಂಥದ ಪ್ರಕಾರ ತುಪ್ಪಕ್ಕೆ ಬೇಕಾದದ್ದು ಬೀಜ ಕಟ್ಟದ ಹೆಣ್ಣು ತೆನೆ. ಅಂಗಡಿಯ ಸರಕಿನಲ್ಲಿ ಬರೀ ಬೀಜ, ಕಡ್ಡಿ. ಆ ತುಪ್ಪ ತಿಂದರೆ ಅತ್ತೆಗೆ ತಲೆಸಿಡಿತ ಬರುತ್ತಿತ್ತೇ ಹೊರತು ನಿದ್ದೆ ಬರುತ್ತಿರಲಿಲ್ಲ. ಹಾಗಾಗಿ ಹಿಂದಿನ ವರ್ಷ ಹಿತ್ತಲಲ್ಲೇ ಬೆಳೆದಿದ್ದರು. ಗಂಡು ಗಿಡಗಳನ್ನೂ ಪ್ರೀತಿಯಿಂದ ನೀರು ಹಾಕಿ ಬೆಳೆಸಿದರು. ಪರಾಗ ಹಾರಿ ತೆನೆತೆನೆಯೂ ಬೀಜ ಕಟ್ಟಿತು, ಅತ್ತೆ ಇಡೀ ವರ್ಷ ಎದ್ದೇ ಕೂತರು. ಈ ವರ್ಷದ ಏಳು ಸಸಿ ಕೈ ತಪ್ಪಿದರೆ ಮುಂದಿನ ಮಾರ್ಗಶಿರದವರೆಗೆ ಮತ್ತೆ ಅದೇ.

ಇದನ್ನು ಕೇಳಿದ ನಾನು ಬಾಯಿ ಮುಚ್ಚಿಕೊಂಡು ಇರಬಹುದಾಗಿತ್ತು. ಇರಲಿಲ್ಲ. ನಮ್ಮ ಬಾಟನಿ ಸಿಸ್ಟರ್ ಕಾನ್ವೆಂಟಿನ ಪರಂಗಿ ಮರಗಳ ಕೆಳಗೆ ನಮ್ಮನ್ನು ಸಾಲಾಗಿ ನಿಲ್ಲಿಸಿ, "ಲುಕ್ ಫಸ್ಟ್, ಗರ್ಲ್ಸ್" ಎಂದು ಗಂಡು ಹೂ, ಹೆಣ್ಣು ಹೂ, ಎರಡೂ ಒಂದರಲ್ಲೇ ಇರುವ ಹೂ, ಎಲ್ಲವನ್ನೂ ತೋರಿಸಿದ್ದರು. ಅದೇ ಜಂಬದಲ್ಲಿ, "ಮಾವ, ಇದೂ ಪರಂಗಿ ಥರಾನೇ. ಮೊಗ್ಗಿನಲ್ಲೇ ನೋಡಿ ಗಂಡು ತೆಗೆದುಬಿಟ್ಟರೆ ಆಯ್ತು" ಎಂದೆ.

ಮಾವನವರು ಪಂಚಾಂಗ ಓದುವ ಭೂತಗನ್ನಡಿಯನ್ನು ಆ ಕ್ಷಣವೇ ನನ್ನ ಕೈಗಿಟ್ಟರು. "ಸರಿ. ನಾಳೆಯಿಂದ ನಿಂದೇ ಚಾರ್ಜು. ದಿನಾ ರಿಪೋರ್ಟ್ ಕೊಡು."

ಹೀಗೆ ನಾನು ಇನ್ಸ್‌ಪೆಕ್ಟರಾದೆ. ಗೆಣ್ಣಿನಲ್ಲಿ ಎರಡು ಬಿಳಿ ಕೂದಲೆಳೆ ಕಂಡರೆ ಹೆಣ್ಣು; ಪುಟ್ಟ ಗುಂಡು ತೂಗಾಡಿದರೆ ಗಂಡು. ನವರಾತ್ರಿ ಮುಗಿಯುವುದರೊಳಗೆ ಏಳರಲ್ಲಿ ಮೂರು ಗಂಡು ಎಂದು ರಿಪೋರ್ಟ್ ಮಾಡಿದೆ. ಕೀಳುವುದಕ್ಕೆ ಮಾವನವರಿಗೆ ಮನಸ್ಸು ಬರಲಿಲ್ಲ. ಒಂದೊಂದರ ಮುಂದೆಯೂ ನಿಂತು, "ಇದು ಎಷ್ಟು ಪುಷ್ಟವಾಗಿದೆ ನೋಡು. ಇನ್ನೊಂದು ವಾರ ಬಿಟ್ಟು ನೋಡಬಹುದಲ್ಲ?" ಎನ್ನುವರು.

"ಇನ್ನೊಂದು ವಾರಕ್ಕೆ ಅದೇನು ಹೆಣ್ಣಾಗಲ್ಲ, ಮಾವ."

ಮುಚ್ಚಿದ ಅಡುಗೆಮನೆ ಕಿಟಕಿಯ ಹಿಂದಿನಿಂದ, ಬಾಯಿಯ ಬಲಗಡೆಯಿಂದ ಮಾತ್ರ ಆಡುವ ಅತ್ತೆಯ ದನಿ ಬಂತು. "ಗಂಡು ಅಂತ ಕಿತ್ತೆಸೆಯೋ ಮನೆ ಇದೊಂದೇ ಇರಬೇಕು. ಕೀಳಲಿ ಬಿಡಿ, ಕಣ್ತುಂಬ ನೋಡೋಣ."

ಹಾಲಿನ ಅಕ್ಕನಿಗೂ ಇದು ತಮಾಷೆ. ಹುಳಿಮಾವಿನಲ್ಲಿ ಹುಟ್ಟಿ ಯಡಿಯೂರಿಗೆ ಸೊಸೆಯಾಗಿ ಬಂದ ಆಕೆ ದಿನಾ ಬೆಳಿಗ್ಗೆ ಎಮ್ಮೆಹಾಲು ತರುತ್ತಿದ್ದಳು. ಭಂಗಿ ಬೀಜ ತಂದುಕೊಟ್ಟವಳೂ ಅವಳೇ, ತವರಿನ ಹೊಲದ ಬದುವಿನಿಂದ. ಕೈಯಲ್ಲಿ ಕನ್ನಡಿ ಹಿಡಿದ ನನ್ನನ್ನು ಕಂಡು, "ಏನವ್ವ, ಗಿಡುಕ್ಕೆ ಹೇನ್ ನೋಡ್ತಾ ಇದೀಯಾ?" ಎಂದು ಕೇಳಿ ನಕ್ಕು ಹೋಗುವಳು.

ಕೊನೆಗೆ ಮೂರು ಗಂಡನ್ನೂ ಕಿತ್ತೆಸೆದದ್ದಾಯಿತು, ನಾಲ್ಕು ಹೆಣ್ಣು ಉಳಿದವು. ಅವುಗಳಲ್ಲಿ ಹಿಂದಿನ ಜಗುಲಿಗೆ ಹತ್ತಿರದ್ದು ನನ್ನ ಎತ್ತರಕ್ಕೆ ಬೆಳೆದು, ಮೊಣಕೈಯುದ್ದ ತೆನೆ ಬಿಟ್ಟಿತು. ನಾಲ್ಕರ ಅರ್ಧ ಔಷಧಿ ಅದೊಂದರಲ್ಲೇ ಇತ್ತು. ಅದನ್ನು ಅದರ ಪಾಡಿಗೆ ಬಿಡಬೇಕಿತ್ತಲ್ಲ. ಮಾವನವರು ಬಿಡಲಿಲ್ಲ. ಇಂಥ ನಕ್ಷತ್ರದಲ್ಲಿ ಬುಡ ಸಡಿಲಿಸಬೇಕು ಎಂದು ಅಗೆದರು, ಬಿಸಿಲು ಸಾಲದು ಎಂದು ಹಗ್ಗ ಕಟ್ಟಿ ಬಾಗಿಸಿದರು, ಇಂಥ ತಿಥಿಯಲ್ಲಿ ಬಿಚ್ಚಿದರು, ಕಷಾಯ ಸುರಿದರು. ಗಿಡಕ್ಕೆ ಬಾಯಿದ್ದಿದ್ದರೆ ಸಾಕು ಮಾಡಿ ಎನ್ನುತ್ತಿತ್ತು. ಬಾಯಿಲ್ಲದ್ದಕ್ಕೆ ಅದು ತನಗೆ ಬಂದ ಉತ್ತರ ಕೊಟ್ಟಿತು.

ಅದು ಉತ್ತರ ಕೊಟ್ಟದ್ದು ನಾನು ಹೊರಗೆ ಕೂತ ದಿನ. ಆಗಿನ ಮನೆಗಳಲ್ಲಿ ತಿಂಗಳಿಗೆ ಮೂರು ದಿನ ಹೆಂಗಸರು ಹೊರಗೆ. ನನಗೆ ಹಿಂದಿನ ಜಗುಲಿಯಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಅಡುಗೆಮನೆ ಮುಟ್ಟುವಂತಿಲ್ಲ, ತುಳಸಿ ಮುಟ್ಟುವಂತಿಲ್ಲ, ವೀಳ್ಯದೆಲೆ ಬಳ್ಳಿಯ ಹತ್ತಿರ ಸುಳಿಯುವಂತಿಲ್ಲ. ಔಷಧಿಯ ಗಿಡವಂತೂ ಕೇಳಲೇ ಬೇಡಿ. ಮುಟ್ಟಾದವಳು ಮುಟ್ಟಿದ ಮದ್ದು ಮೈಗೆ ಹತ್ತುವುದಿಲ್ಲ ಎಂದು ಅತ್ತೆಗೆ ಅವರ ತಾಯಿ ಹೇಳಿದ್ದರು. ಅತ್ತೆ ಅದನ್ನು ನಂಬಿದ್ದರು, ನೋವನ್ನು ನಂಬಿದಷ್ಟೇ. ಸಿಸ್ಟರುಗಳ ಕೈಯಲ್ಲಿ ಬೆಳೆದ ನಾನು, ಹುಟ್ಟಿದಂದಿನಿಂದ ಇದನ್ನೇ ಮಾಡಿದವಳ ಹಾಗೆ ಹೋಗಿ ಚಾಪೆಯ ಮೇಲೆ ಕೂತೆ. ಈಗ ನೆನೆದರೆ ನನ್ನ ಮೇಲೇ ರೇಗುತ್ತದೆ.

ಕೂತಲ್ಲಿಂದ ನಾಲ್ಕು ಮೊಳ ದೂರದಲ್ಲಿ ಆ ದೊಡ್ಡ ಗಿಡ. ಎಳೆಬಿಸಿಲು ಬಿದ್ದಾಗ ಬಿಳಿ ಕೂದಲುಗಳ ನಡುವೆ ಏನೋ ಹಳದಿ ಮಿಂಚಿತು. ಕಣ್ಣು ಕಿರಿದು ಮಾಡಿ ನೋಡಿದೆ. ಗೊಂಬೆಮನೆಗೆ ಮಾಡಿದಷ್ಟು ಪುಟ್ಟ ಬಾಳೆಹಣ್ಣಿನ ಚಿಪ್ಪು. ಹೆಣ್ಣು ತೆನೆಯ ಹೊಟ್ಟೆಯೊಳಗೇ ಗಂಡು ಹೂ. ಒಂದಲ್ಲ, ಕಂಡಷ್ಟಕ್ಕೆ ಐದಾರು. ಕಿತ್ತೆಸೆದ ಗಂಡು ಗಿಡದ ಒಂದು ರೆಂಬೆಯನ್ನು ಮನೆಯೊಳಗೆ ನೀರಿನಲ್ಲಿಟ್ಟು ನಾನು ನೋಡಿದ್ದೆ. ಹೀಗೆ ಹಳದಿಯಾಗಿ ಉಬ್ಬಿತೆಂದರೆ ಎರಡು ಮೂರು ದಿನದಲ್ಲಿ ಒಡೆಯುತ್ತದೆ, ಒಡೆದರೆ ನಾಲ್ಕು ಗಿಡವೂ ಬೀಜ ಕಟ್ಟುತ್ತದೆ. ನನಗೆ ಸ್ನಾನ ನಾಲ್ಕನೇ ದಿನ.

ಮಾವನವರನ್ನು ಕರೆದೆ. ಅವರ ಎರಡು ಕಣ್ಣಿಗೂ ಪೊರೆ ಬರುತ್ತಿತ್ತು. ಅದನ್ನು ಅವರು ಒಪ್ಪುತ್ತಿರಲಿಲ್ಲ, ಈಚೆಗೆ ಪ್ರಿಂಟಿಂಗೇ ಸರಿಯಿಲ್ಲ ಎನ್ನುತ್ತಿದ್ದರು. ಅತ್ತೆಯ ಹೊಲಿಗೆ ಕತ್ತರಿ ಹಿಡಿದು ಗಿಡದ ಮುಂದೆ ನಿಂತರು.

"ಮೂರನೇ ಕೊಂಬೆ, ಮಾವ. ತುದಿಯಿಂದ ಒಂದು ಗೇಣು ಕೆಳಗೆ."

"ಇದಾ?"

"ಅದು ಎಲೆ."

"ಇದು?"

"ಅದು ನಿಮ್ಮ ಉತ್ತರೀಯ. ಸ್ವಲ್ಪ ಎಡಕ್ಕೆ. ನಿಮ್ಮ ಎಡಕ್ಕೆ, ನನ್ನ ಎಡಕ್ಕಲ್ಲ. ಹಳದಿ ಕಾಣ್ತಾ?"

"ನಂಗೆ ಎಲ್ಲಾ ಹಳದೀನೇ ಕಾಣೋದು."

ಕತ್ತರಿ ಕಚಕ್ ಎಂದಿತು. ಬಲು ಹೆಮ್ಮೆಯಿಂದ ಅವರು ಎತ್ತಿ ತೋರಿಸಿದ್ದು ಒಳ್ಳೆಯ ಹೆಣ್ಣು ತೆನೆಯ ತುದಿ, ಅರ್ಧ ಗೇಣು. ಹಳದಿ ಹೂ ಅದರ ಕೆಳಗೆ ಹಾಗೇ ಇತ್ತು.

"ಹೋಯ್ತಾ?" ಎಂದರು.

"ಹೋಯ್ತು," ಎಂದೆ. ಅಳು ಬರುವಂತಾಗಿತ್ತು.

ಕಿಟಕಿಯ ಹಿಂದಿನಿಂದ ಅತ್ತೆ, "ಏನ್ರೀ, ಅವಳು ಎಡ ಅಂದ್ರೆ ಎಡಕ್ಕೆ ಹೋಗಿ. ಇಷ್ಟು ವರ್ಷ ನನ್ನ ಮಾತಂತೂ ಕೇಳ್ಲಿಲ್ಲ" ಎಂದರು. ಮಾತು ಮುಗಿಯುವ ಮೊದಲೇ ಅವರ ಉಸಿರು ಸಿಕ್ಕಿಕೊಂಡದ್ದು ಕೇಳಿಸಿತು. ನೋವು ಹಾಯ್ದಿತ್ತು. ಮಾವನವರು ಕತ್ತರಿ ಕೆಳಗಿಟ್ಟು ಒಳಗೆ ಓಡಿದರು.

ಮಧ್ಯಾಹ್ನ ನಾನೊಂದು ಉಪಾಯ ಹೇಳಿದೆ. ಹೂ ಕೀಳುವ ಬಿದಿರಿನ ದೋಟಿ ಕೊಟ್ಟರೆ ಕೂತಲ್ಲಿಂದಲೇ ಎಳೆಯುತ್ತೇನೆ, ಗಿಡ ಮುಟ್ಟಿದ ಹಾಗೂ ಆಗುವುದಿಲ್ಲ. ಮಾವನವರು ಶಾಸ್ತ್ರ ತೆರೆದರು. ಒಣ ಮರ ಮೈಲಿಗೆ ಹೊರುವುದಿಲ್ಲ, ರೇಷ್ಮೆ ಹೊರುವುದಿಲ್ಲ, ಉಣ್ಣೆ ಹೊರುವುದಿಲ್ಲ. ಒಣಗಿದ ಬಿದಿರು ಮರದ ಲೆಕ್ಕವೋ ಹುಲ್ಲಿನ ಲೆಕ್ಕವೋ ಎಂಬುದರ ಮೇಲೆ ಊಟದ ಎಲೆ ಒಣಗುವವರೆಗೆ ವಿಚಾರ ನಡೆಯಿತು. ಕೊನೆಗೆ ಮರದ ಲೆಕ್ಕವೇ ಎಂದು ಆರ್ಡರ್ ಪಾಸ್ ಮಾಡಿದರು.

"ಬಿದಿರು ಯಾವ ಲೆಕ್ಕಾನೋ ಇರಲಿ," ಎಂದರು ಅತ್ತೆ. "ಕುಡಿಯೋಳು ನಾನು."

ಅಲ್ಲಿಗೆ ಅಪೀಲು ಮುಗಿಯಿತು.

ನನ್ನ ಗಂಡನನ್ನು ನೆಚ್ಚುವ ಹಾಗಿರಲಿಲ್ಲ. ಬೆಳಕು ಹರಿಯುವ ಮೊದಲೇ ಫ್ಯಾಕ್ಟರಿ ಬಸ್ಸು ಹತ್ತಿ, ದೀಪ ಹಚ್ಚುವ ಹೊತ್ತಿಗೆ ಬರುವವರು. ಬಂದವರು ಗಿಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹಸಿರಾಗಿ ಚೆನ್ನಾಗೇ ಇದೆಯಲ್ಲ" ಎಂದು ಕಾಫಿ ಕೇಳಿದರು. ಅಷ್ಟೇ ಅವರ ಕಾಂಟ್ರಿಬ್ಯೂಷನ್.

ಎರಡನೇ ದಿನ ಹಾಲಿನ ಅಕ್ಕನಿಗೆ ಹೇಳಿಕೊಂಡೆ. ಅವಳು ತಲೆಯ ಮೇಲಿನ ಹಾಲಿನ ಪಾತ್ರೆ ಇಳಿಸಿ, ಗಿಡದ ಹತ್ತಿರ ಹೋಗಿ, ಅದನ್ನು ಬುಡದಿಂದ ತುದಿಯವರೆಗೆ ಸಂತೆಯಲ್ಲಿ ಕುರಿ ನೋಡುವಂತೆ ನೋಡಿದಳು.

"ಇದು ಕೆಟ್ಟೋಯ್ತು ಕಣವ್ವ. ಬೇರು ಕದಲ್ಸಿದ್ರೆ ಹಿಂಗೇ ಆಗೋದು. ಬುಡ್ದಾಗೆ ಕಿತ್ತಾಕ್ಬುಡಿ, ಇಲ್ಲಾಂದ್ರೆ ಉಳಿದ ಮೂರ್ನೂ ಕೆಡುಸ್ತದೆ."

"ಹೂ ಮಾತ್ರ ಆರಿಸಿ ತೆಗೆಯೋಕಾಗಲ್ವಾ?"

"ಹೂ ಆರುಸ್ಕಂಡ್ ಕೂರಾಕೆ ನಮಗೆ ಪುರ್ಸೊತ್ತೆಲ್ಲೈತೆ? ಗಿಡಾನೇ ಕೀಳೋದು." ಆಮೇಲೆ ನನ್ನ ಚಾಪೆ, ತಟ್ಟೆ, ಲೋಟ ನೋಡಿದಳು. "ನೀನ್ಯಾಕೆ ಅಲ್ಲಿ ಕುಂತಿದೀಯ ಅಂದ್ರೆ ಇದಕ್ಕಾ? ನಮ್ಮೋರು ಹಿಂಗೆ ಮೂರ್ ಮೂರ್ ದಿನ ಕುಂತ್ರೆ ರಾಗಿ ಯಾರ್ ಕುಯ್ಯೋದು?"

ಹಾಗಾದರೆ ನೀನೇ ಕಿತ್ತುಕೊಡು ಎಂದು ಕೇಳುವಷ್ಟರಲ್ಲಿ ಮಾವನವರು ಜಗುಲಿಗೆ ಬಂದು ಕೆಮ್ಮಿದರು. ಅವಳು ಕರೆದ ಹಾಲು ನಮಗೆ ಆಗುತ್ತಿತ್ತು, ಅವಳು ಮಡಿಲಲ್ಲಿ ತಂದ ಬೀಜ ಆಗುತ್ತಿತ್ತು. ತೆನೆ ಬಿಟ್ಟ ಮೇಲೆ ಅವಳ ಕೈ ಆಗುವಂತಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. ಗಿಡದಿಂದ ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಕೊಡವಿ, "ಬರ್ತೀನಿ ಸೋಮಿ" ಎಂದು ಪಾತ್ರೆ ಎತ್ತಿಕೊಂಡಳು. ನನಗೆ ನಾಚಿಕೆಯಾಯಿತು. ಮಾವನವರಿಗೆ ಆಗಲಿಲ್ಲ. ಗಿಡ ಬುಡಸಮೇತ ಕೀಳಬೇಕಂತೆ ಎಂದಾಗ ಮಾತ್ರ ಮುಖ ಬಾಡಿತು. "ಅರ್ಧ ವರ್ಷದ ಔಷಧಿ ಅದು. ಹ್ಯಾಗೆ ಕೀಳಲಿ?" ಎಂದು ಒಳಗೆ ಹೋದರು.

ಮೂರನೇ ದಿನ ಬೆಳಿಗ್ಗೆ ಕಾರ್ತಿಕದ ಗಾಳಿ ಎದ್ದಿತು. ಮಾವನವರು ತುಪ್ಪಕ್ಕೆ ಬೇಕಾದ ಇತರ ಬೇರುನಾರು ತರಲು ಗಾಂಧಿಬಜಾರಿನ ಗ್ರಂದಿಗೆ ಅಂಗಡಿಗೆ ಹೋಗಿದ್ದರು. ಅತ್ತೆಗೆ ಬೆಳಗಿನಿಂದ ನೋವು ಬಿಟ್ಟಿರಲಿಲ್ಲ. ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು ಅದನ್ನು ನುಂಗಲಾರದೆ, ಉಗುಳಲಾರದೆ, ಕಿಟಕಿಯ ಸರಳಿಗೆ ಹಣೆ ಒತ್ತಿ ನಿಂತದ್ದು ಗಾಜಿನಲ್ಲಿ ಕಾಣುತ್ತಿತ್ತು. ಇತ್ತ ಹಳದಿ ಹೂಗಳು ಒಂದೊಂದೂ ಬಿಗಿದು ಉಬ್ಬಿದ್ದವು. ಬಿಸಿಲು ಇನ್ನೊಂದು ಮಾರು ಸರಿದರೆ ಅವುಗಳ ಮೇಲೆ ಬೀಳುತ್ತಿತ್ತು. ನಾನು ಬಿಸಿಲನ್ನೂ ನೋಡಿದೆ, ಗಾಜಿನಲ್ಲಿನ ಮುಖವನ್ನೂ ನೋಡಿದೆ. ಇಂಗ್ಲಿಷಿನಲ್ಲಿ ಒಂದು ಮಾತು ಬಾಯಿಗೆ ಬಂತು. ಕಾನ್ವೆಂಟಿನಲ್ಲಿ ಅದನ್ನು ಆಡಿದ್ದರೆ ಬಾಯಿಗೆ ಸೋಪು ಹಾಕುತ್ತಿದ್ದರು.

ಎದ್ದು ಹೋಗಿ ಗಿಡದ ಮುಂದೆ ಕೂತೆ. ಉಗುರಿನಿಂದ ಒಂದೊಂದನ್ನೇ ಚಿವುಟಿ ಸೆರಗಿಗೆ ಹಾಕಿಕೊಂಡೆ. ಕೆಳಗಿನ ಕೊಂಬೆ, ಮೇಲಿನ ಕೊಂಬೆ, ಬಾಗಿಸಿ, ತಿರುಗಿಸಿ. ಬೆರಳಿಗೆ ಅಂಟು ಮೆತ್ತಿತು. ಕೊನೆಯದಕ್ಕೆ ಉಗುರು ತಾಕುವಷ್ಟರಲ್ಲಿ ಅದು ಒಡೆದು, ಹಳದಿ ಪುಡಿ ನನ್ನ ಬೆರಳಿನ ಮೇಲೂ ಪಕ್ಕದ ತೆನೆಯ ಮೇಲೂ ಉದುರಿತು.

ಹಿಂದೆ ಬಾಗಿಲು ತೆಗೆದ ಸದ್ದಾಯಿತು.

ಆ ಬಾಗಿಲು ತೆಗೆದು ಅತ್ತೆ ಹಿತ್ತಲಿಗೆ ಬಂದದ್ದನ್ನು ನಾನು ಮದುವೆಯಾದ ಮೇಲೆ ನೋಡಿಯೇ ಇರಲಿಲ್ಲ. ಕೆನ್ನೆಗೆ ಬಿಗಿದ ಪಂಚೆಯ ತುಂಡು, ಸೊಂಟದ ಮೇಲೆ ತುಂಬಿದ ಹಿತ್ತಾಳೆ ಬಿಂದಿಗೆ. ಗಾಳಿಗೆ ಎದುರಾಗಿ, ಒಂದು ಕಣ್ಣು ಮುಚ್ಚಿಕೊಂಡು, ಮೆಟ್ಟಿಲಿಳಿದು ಬಂದರು. ಬಯ್ಯುತ್ತಾರೆ ಎಂದುಕೊಂಡು ನಾನು ಪಕ್ಕಕ್ಕೆ ಸರಿದೆ. ಅವರು ನನ್ನ ಕಡೆ ನೋಡಲಿಲ್ಲ. ಬಿಂದಿಗೆ ಎತ್ತಿ ಗಿಡದ ನೆತ್ತಿಯ ಮೇಲೆ ಸುರಿದರು. ಅರ್ಧ ಗಿಡಕ್ಕೆ, ಅರ್ಧ ಅವರ ಮೈಮೇಲೆಯೇ ಬಿತ್ತು.

"ಇದಕ್ಕೂ ಸ್ನಾನ ಆಯ್ತು," ಎಂದರು. "ಇನ್ನೇನೂ ದೋಷ ಇಲ್ಲ."

ನೆನೆದ ಪರಾಗ ಕೆಲಸಕ್ಕೆ ಬಾರದು ಎಂದು ಸಿಸ್ಟರ್ ಹೇಳಿಕೊಟ್ಟದ್ದು ನನಗೆ ಆಗ ನೆನಪಾಯಿತು. ಅದನ್ನು ಹೇಳುವಷ್ಟರಲ್ಲಿ ಗಾಳಿಯೊಂದು ಬೀಸಿ, ಅತ್ತೆ ಬಿಂದಿಗೆ ಕೈಬಿಟ್ಟು ಮೆಟ್ಟಿಲಿನ ಮೇಲೆ ಕುಸಿದರು. ಹಿಡಿಯಹೋದ ನನ್ನ ಕೈ ನಡುದಾರಿಯಲ್ಲೇ ನಿಂತಿತು. ಮುಟ್ಟಿದರೆ ಅವರು ಈ ನೋವಿನಲ್ಲಿ ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕು. ಅವರೇ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡರು. ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ನೋವು ಹಾಯ್ದು ಹೋಗುವವರೆಗೆ ಕೂತರು. ನಾನು ನನ್ನ ಬೆನ್ನನ್ನು ಗಾಳಿಗೆ ಕೊಟ್ಟು ಅಡ್ಡ ಕೂತೆ.

"ನಿಮಗೂ ಮೈಲಿಗೆ ಆಯ್ತು, ಅಮ್ಮ."

"ನೆಂದಿದೀನಲ್ಲ. ಅದನ್ನೇ ಸ್ನಾನ ಅಂದ್ಕೋ." ಆಮೇಲೆ ಬಾಯಿಯ ಬಲಗಡೆಯಿಂದ, ನಿಧಾನವಾಗಿ, "ಅವರಿಗೆ ಹೇಳ್ಬೇಡ. ಬಿದಿರಿನ ಶಾಸ್ತ್ರಾನೇ ನಂಗೆ ಇನ್ನೂ ಅರಗಿಲ್ಲ" ಎಂದರು.

ಮಾವನವರು ಒಂದು ಗಂಟೆ ಕಳೆದ ಮೇಲೆ ಬಂದರು. ಗಿಡ ಇನ್ನೂ ತೊಟ್ಟಿಕ್ಕುತ್ತಿತ್ತು. "ಹೂ ಬಿಟ್ಟ ಗಿಡದ ತಲೆ ಮೇಲೆ ನೀರು ಹಾಕಿದ್ಯಾರು? ಬೂಷ್ಟು ಹಿಡಿದ್ರೆ ಯಾರು ಹೊಣೆ? ಮನೇಲಿ ವಿದ್ಯಾವಂತರು ಅನ್ನಿಸಿಕೊಂಡೋರು ಕಣ್ಣೆದುರಿಗೆ ಕೂತಿದ್ದು ಏನು ಮಾಡ್ತಿದ್ರಿ?" ವಿದ್ಯಾವಂತಳು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು, ಸೆರಗಿನ ಗಂಟಿನಲ್ಲಿ ಇಪ್ಪತ್ತು ಮೂವತ್ತು ಹಳದಿ ಹೂ ಇಟ್ಟುಕೊಂಡು.

"ನಾನೇ ಹಾಕ್ದೆ," ಎಂದು ಕಿಟಕಿ ಹೇಳಿತು. "ಬಾಡಿತ್ತು."

"ನೀನು ಹೊರಗೆ ಬಂದ್ಯಾ?"

"ಬಂದೆ. ಯಾಕೆ, ಪರ್ಮಿಷನ್ ಬೇಕಿತ್ತಾ?"

ಅವರು ಉತ್ತರೀಯ ತೆಗೆದು ತೆನೆಗಳನ್ನು ಒತ್ತಿ ಒರೆಸಿದರು. ಗೊಣಗಾಟ ಹದಿನೈದು ದಿನ ನಡೆಯಿತು. ದಿನಾ ಬೆಳಿಗ್ಗೆ ತೆನೆ ಮೂಸಿ, ಬೂಷ್ಟಿನ ವಾಸನೆ ಎಂದು ಒಮ್ಮೆ, ಇಲ್ಲ ಎಂದು ಒಮ್ಮೆ ರಿಮಾರ್ಕ್ ಬರೆಯುತ್ತಿದ್ದರು. ನಾಲ್ಕನೇ ದಿನ ಸ್ನಾನ ಮಾಡಿ ಬಂದ ನಾನು ಮತ್ತೆ ಕನ್ನಡಿ ಹಿಡಿದೆ. ಇನ್ನೂ ನಾಲ್ಕಾರು ಹಳದಿ ಹೂ ಬಂದವು, ತೆಗೆದೆ. ಈ ಸಲ ಮಡಿಯಾಗಿ.

ಮಾರ್ಗಶಿರದಲ್ಲಿ ಕೊಯ್ದು, ಅಟ್ಟದಲ್ಲಿ ತಲೆಕೆಳಗಾಗಿ ತೂಗುಹಾಕಿದರು. ಒಣಗಿದ ಮೇಲೆ ಮಾವನವರು ಬಿಳಿ ಬಟ್ಟೆ ಹಾಸಿ ತೆನೆಗಳನ್ನು ಅಂಗೈಯಲ್ಲಿ ಉಜ್ಜಿದರು. ನಾನು ಎದುರಿಗೆ ಕೂತಿದ್ದೆ. ಬಟ್ಟೆಯ ಮೇಲೆ ಹಸಿರು ಪುಡಿ ಬಿತ್ತು. ದೊಡ್ಡ ಗಿಡದ ತೆನೆಯಿಂದ ಮಾತ್ರ ಒಂಬತ್ತು ಬೀಜ ಬಿದ್ದವು. ಉಳಿದ ಮೂರರಲ್ಲಿ ಒಂದೂ ಇಲ್ಲ. ಮಾವನವರು ಒಂಬತ್ತನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ, "ನಕ್ಷತ್ರ ನೋಡಿ ಬುಡ ಸಡಿಲಿಸಿದ್ದರ ಗುಣ ಇದು. ಹೋದ ವರ್ಷ ಅದನ್ನು ಮಾಡಿರಲಿಲ್ಲ, ನೆನಪಿದೆಯಾ?" ಎಂದರು. ಅತ್ತೆ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ತುಪ್ಪ ಕಾಯಿಸಿ ಸೋಸಿದ ದಿನ ಮಧ್ಯಾಹ್ನ ಅತ್ತೆಗೆ ಮೊದಲ ಸಲ ಕೊಟ್ಟದ್ದು. ತೆಗೆದುಕೊಳ್ಳುವ ಮುನ್ನ ಅವರು ತುಪ್ಪದ ಪುಟ್ಟ ಬೆಳ್ಳಿ ಬಟ್ಟಲನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಆ ಗಿಡವನ್ನು ಯಾರ ಕೈ ಮುಟ್ಟಿತ್ತು, ಯಾವ ದಿನ ಮುಟ್ಟಿತ್ತು ಎಂದು ಗೊತ್ತಿದ್ದವರು ನಾವಿಬ್ಬರೇ. ಬೇಡ ಎಂದು ಬಟ್ಟಲು ಕೆಳಗಿಟ್ಟಿದ್ದರೆ ನಾನು ಏನೂ ಹೇಳುವ ಹಾಗಿರಲಿಲ್ಲ. ಅವರು ದೇವರ ಮನೆಯ ಕಡೆ ಒಮ್ಮೆ ಕೈ ಎತ್ತಿ, ನುಂಗಿ, ಚಾಪೆ ಹಾಸಿಕೊಂಡು ಮಲಗಿದರು.

ಸುಮಾರು ಹೊತ್ತಿನ ಮೇಲೆ ಇಣುಕಿದೆ. ಬಾಯಿ ತುಸು ತೆರೆದು, ಕೈ ಚಾಪೆಯಾಚೆ ಚೆಲ್ಲಿ, ನಿದ್ದೆ. ಗೊರಕೆ ಕೂಡ. ನಾನು ತುದಿಗಾಲಲ್ಲಿ ಹಿಂದೆ ಬಂದು, ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ, ನಲ್ಲಿಯ ಹನಿಯ ಕೆಳಗೆ ಬಟ್ಟೆ ಇಟ್ಟು, ಇಡೀ ಮನೆಗೆ ಬಾಯಿ ಮುಚ್ಚಿಸಿ ಕೂತೆ. ಎರಡು ಗಂಟೆ ಹಾಗೆ ಕಳೆಯಿತು. ಆಮೇಲೆ ಮಾವನವರು ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ನಡುಮನೆಗೆ ಬಂದು, ನಾನು ಎದ್ದು ತಡೆಯುವ ಮೊದಲೇ, ಬಗ್ಗಿ ಅವರ ಭುಜ ಅಲುಗಿಸಿದರು.

"ಏ, ಕೇಳಿಸ್ತಾ? ನಿದ್ದೆ ಬಂತಾ?"

ಅತ್ತೆ ಕಣ್ಣು ತೆರೆಯಲಿಲ್ಲ.

"ಬಂದಿತ್ತು," ಎಂದರು. ಎಂದು ಮಗ್ಗುಲು ಬದಲಿಸಿ, ಎಡಗೆನ್ನೆಯನ್ನೇ ದಿಂಬಿಗೆ ಒತ್ತಿಕೊಂಡು ಮತ್ತೆ ಮಲಗಿದರು.